ಕರೆಯುವ ಹೊತ್ತಾಯ್ತು

ಎರಡು ದನ ಕಟ್ಟಿಕೊಂಡವನ ಪ್ರಪಂಚ ಮನೆಯಿಂದ ಐದು ತಾಸಿನ ದೂರಕ್ಕೆ ಮುಗಿಯುತ್ತದೆ. ಬೆಳಗಿನ ಕರಾವು ಮುಗಿಸಿ ಹೊರಟವನು ಸಂಜೆಯ ಕರಾವಿಗೆ ತಿರುಗಿ ಬರಬೇಕು. ಅಷ್ಟರೊಳಗೆ ಹೋಗಿಬರಲಾಗದ ಊರೆಲ್ಲ ಪರದೇಶ. ಸಾಗರದ ಸೀಮೆಯ ನಮಗೆ ಶಿವಮೊಗ್ಗ ಸ್ವದೇಶ, ಶಿರಸಿಯೂ ಸ್ವದೇಶ, ಬೆಂಗಳೂರು ಪಕ್ಕಾ ವಿದೇಶ. ಅಲ್ಲಿರುವ ಮಗಳ ಮನೆಗೆ ನಾವು ಗಂಡ-ಹೆಂಡತಿ ಜೊತೆಯಾಗಿ ಹೋದದ್ದೇ ಇಲ್ಲ. ಒಬ್ಬರು ಬಸ್ಸು ಹತ್ತಿದರೆ ಇನ್ನೊಬ್ಬರು ಕೊಟ್ಟಿಗೆಗೆ ಜಾಮೀನು.

ಗೌರಿ ಜರ್ಸಿ ಮಿಶ್ರತಳಿ. ಅವಳಿಗೆ ಹಿಂಡಿ, ಬೂಸಾ, ನೇಪಿಯರ್ ಹುಲ್ಲು, ಸೆಕೆಗೆ ಫ್ಯಾನು, ಸೊಳ್ಳೆಗೆ ಹೊಗೆ, ಎಲ್ಲ ಆಗಬೇಕು. ಕಾಳಿ ಅಪ್ಪಟ ಮಲೆನಾಡು ಗಿಡ್ಡ. 2012ರಲ್ಲಿ ಅವಳ ಕುಲಕ್ಕೆ ದೇಶಿ ತಳಿಯೆಂಬ ಅಧಿಕೃತ ಮಾನ್ಯತೆ ಸಿಕ್ಕಿದೆ. ಆ ಬಿಗುಮಾನ ಇನ್ನೂ ಇಳಿದಿಲ್ಲ. ಬೆಳಿಗ್ಗೆ ಅಕ್ಕಚ್ಚು ಕುಡಿದು ಬೆಟ್ಟಕ್ಕೆ ಹೋದಳೆಂದರೆ ಊರವರ ಗದ್ದೆಯನ್ನೆಲ್ಲ ತಪಾಸಣೆ ಮಾಡಿಕೊಂಡೇ ಬರುವುದು. ಕೊರಳಿಗೆ ಕುಂಟೆ ಕಟ್ಟಿ ನೋಡಿದೆವು. ಕುಂಟೆ ಸಮೇತ ಬೇಲಿ ಹಾರಿದಳು. ಅವಳಿಂದ ಎರಡು ಹೊತ್ತಿಗೂ ಸೇರಿ ಸಿಗುವ ಹಾಲು ಒಂದೂವರೆ ಲೀಟರು. ಅವಳ ಸಲುವಾಗಿ ನಮಗೆ ಸಿಗುವ ಬೈಗುಳಕ್ಕೆ ಮಾತ್ರ ಡೇರಿಯ ಕ್ಯಾನೇ ಬೇಕು.

ಕಾಳಿಯನ್ನು ಕರೆಯುವುದೂ ಒಂದು ವಿದ್ಯೆ. ಕರು ಬಿಟ್ಟು, ಅದು ನಾಲ್ಕು ಗುಟುಕು ಚೀಪಿದ ಮೇಲೆ ತಾಯಿ ಸೊರ ಬಿಡುತ್ತಾಳೆ. ಒಲ್ಲೆನೆನ್ನುವ ಕರುವನ್ನು ಎಳೆದು ಕಟ್ಟಿ, ಕೆಚ್ಚಲು ತೊಳೆದು, ಬೆರಳಿಗೆ ಎಣ್ಣೆ ಸವರಿಕೊಂಡು, ಮೊಣಕಾಲ ಸಂದಿಯಲ್ಲಿ ತಂಬಿಗೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತರೆ ಮೊದಲ ಧಾರೆ ತಳಕ್ಕೆ ಚುಂಯ್ ಎಂದು ಬೀಳುತ್ತದೆ. ನೊರೆ ಏರಿದಂತೆ ಸದ್ದು ಮೆತ್ತಗಾಗುತ್ತದೆ. ತಂಬಿಗೆ ಮುಕ್ಕಾಲು ತುಂಬಿತೋ, ಸಗಣಿ ಗಂಜಲದಲ್ಲಿ ಚೆನ್ನಾಗಿ ನೆಂದ ಬಾಲ ಮುಖಕ್ಕೆ ಬೀಸಿ ಬರುತ್ತದೆ. ಬಾಲ ಹಿಡಿಯಲು ಕೈ ತೆಗೆದರೆ ಕಾಲು ಎತ್ತುತ್ತಾಳೆ. ಮುಖ ಉಳಿಯಬೇಕೋ ಹಾಲು ಉಳಿಯಬೇಕೋ ಎಂದು ತೀರ್ಮಾನಿಸುವ ಸ್ವಾತಂತ್ರ್ಯವನ್ನು ಮಾತ್ರ ನಮಗೇ ಬಿಟ್ಟಿದ್ದಾಳೆ.

ಗೌರಿಯ ಹಾಲು ಡೇರಿಗೆ. ಅಲ್ಲಿ ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಬರಬೇಕು. ಯಂತ್ರದ ಮುಂದೆ ನಿಂತಾಗ ಆಗುವ ಎದೆಬಡಿತ ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೂ ಆಗಿರಲಿಲ್ಲ. ಇನ್ನು ಗೌರಿ ಬೆದೆಗೆ ಬರುವುದು 21 ದಿನಕ್ಕೊಮ್ಮೆ, ಇರುವುದು ಹೆಚ್ಚೆಂದರೆ ಒಂದು ದಿನ. ಆ ಒಂದು ದಿನ ಹುಡುಕಿ ಹುಡುಕಿ ಭಾನುವಾರಕ್ಕೋ ಹಬ್ಬದ ರಜಕ್ಕೋ ಬಂದು ಬೀಳುತ್ತದೆ. ಡಾಕ್ಟರು ಸಿಗಲಿಲ್ಲವೆಂದರೆ ಮತ್ತೆ 21 ದಿನದ ಹಿಂಡಿ ದಂಡ. ಗಬ್ಬ ನಿಂತಿತೆನ್ನಿ, ಒಂಬತ್ತು ತಿಂಗಳು ಕಾದು ಕರು ಹಾಕಲು ಅವಳು ಆರಿಸುವುದು ಆಷಾಢದ ಮಳೆಯ ನಡುರಾತ್ರಿ, ಕರೆಂಟು ಹೋದ ಮೇಲೆ. ಆಮೇಲೆ ಮಾಸು ಬೀಳುವ ತನಕ ಲಾಟೀನು ಹಿಡಿದು ಕಾಯಬೇಕು.

ಲೆಕ್ಕದ ಪುಸ್ತಕ ನನ್ನಾಕೆಯ ಸುಪರ್ದಿನಲ್ಲಿದೆ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವನ್ನೂ ಸೇರಿಸಿ ಡೇರಿಯ ಬಟವಾಡೆ ಒಂದು ಪುಟದಲ್ಲಿ, ಹಿಂಡಿ ಅಂಗಡಿಯ ಬಾಕಿ ಎದುರು ಪುಟದಲ್ಲಿ. ಪುಸ್ತಕ ಮುಚ್ಚಿದಾಗ ಎರಡೂ ಒಂದನ್ನೊಂದು ನುಂಗಿಕೊಳ್ಳುತ್ತವೆ. ಉಳಿಯುವುದು ಅಡಿಕೆ ತೋಟಕ್ಕೆ ಗೊಬ್ಬರ, ಒಲೆಗೆ ಗೋಬರ್ ಗ್ಯಾಸು, ಗಟ್ಟಿ ಮೊಸರು, ಕರು ಹಾಕಿದ ವಾರ ಕೇರಿಗೆಲ್ಲ ಹಂಚುವ ಗಿಣ್ಣು.

ದನ ಯಾಕೆ ಎಂದು ಕೇಳಿದವರಿಗೆ ನಾನು ಗೊಬ್ಬರದ ಕಾರಣ ಹೇಳುತ್ತೇನೆ. ಅಸಲು ಕಾರಣ ಬೇರೆ. ವೇದಿಕೆಯ ಮೇಲೆ ಒಂಬತ್ತು ಜನ ಗಣ್ಯರು, ಸ್ವಾಗತ ಭಾಷಣವೇ ಮುಗಿದಿಲ್ಲ. ಅಥವಾ ಗೃಹಪ್ರವೇಶದ ಊಟವಾದ ಮೇಲೆ ನೆಂಟರೊಬ್ಬರು ಮೊಮ್ಮಗನ ಹಾಡನ್ನು ಮೊಬೈಲಿನಲ್ಲಿ ಮೊದಲಿಂದ ತೋರಿಸಲು ಹೊರಟಿದ್ದಾರೆ. ಆಗ ನಾನು ಗಡಿಯಾರ ನೋಡಿ ಎದ್ದು ನಿಲ್ಲುತ್ತೇನೆ: “ಕರೆಯೋ ಹೊತ್ತಾಯ್ತು.” ಯಾರೂ ತಡೆಯುವುದಿಲ್ಲ. “ಹೋಗು ಹೋಗು, ಮೂಕಪ್ರಾಣಿ ಕಾಯ್ತಿರ್ತದೆ” ಎಂದು ಹಿರಿಯರೇ ದಾರಿ ಬಿಡಿಸುತ್ತಾರೆ. ನಿದ್ದೆ ಬರುತ್ತಿದೆ ಎಂದಿದ್ದರೆ ಮೂರು ತಲೆಮಾರಿನ ಮುನಿಸು! ಬೆಂಗಳೂರಿಗೆ ಹೋಗಗೊಡದ ಹಗ್ಗವೇ ಸಭೆಯಿಂದ ನನ್ನನ್ನು ಎಳೆದು ತರುತ್ತದೆ. ಕರು ಹಾಕುವ ಮೊದಲಿನ ಎರಡು ತಿಂಗಳು ಗೌರಿಯ ಹಾಲು ಬತ್ತಿಸುತ್ತೇವೆ, ನೆಪ ಬತ್ತುವುದಿಲ್ಲ.

ಪಕ್ಕದ ಮನೆಯ ಭಾವ ಹೋದ ವರ್ಷ ದನಗಳನ್ನೆಲ್ಲ ಮಾರಿ ಪ್ಯಾಕೆಟ್ ಹಾಲಿಗೆ ಇಳಿದರು. ಒಂದಷ್ಟು ದಿನ ಕಾಶಿ, ಕನ್ಯಾಕುಮಾರಿ ಎಂದು ತಿರುಗಿದರು. ಅಷ್ಟರಲ್ಲಿ ಅವರು ಪುರುಸೊತ್ತಾಗಿದ್ದಾರೆಂಬ ಸುದ್ದಿ ಊರಿಗೆಲ್ಲ ಹಬ್ಬಿತು. ಈಗ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅವರೇ ಖಜಾಂಚಿ, ಯಾರ ಮನೆಯ ಮದುವೆಯಾದರೂ ಕೊನೆಯ ಪಾತ್ರೆ ತೊಳೆಸುವವರೆಗೂ ಅವರೇ ಯಜಮಾನರು. ಮೊನ್ನೆ ಸಂಜೆ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕಾಳಿಯ ಕರುವನ್ನು ಕೇಳಿದರು.

“ಅದು ಹೋರಿಗರು ಭಾವ, ಹಾಲು ಕೊಡುವುದಲ್ಲ” ಎಂದೆ.

“ಹಾಲಿಗೆ ಪ್ಯಾಕೆಟ್ ಉಂಟಲ್ಲ ಮಾರಾಯಾ. ಕೊಟ್ಟಿಗೇಲಿ ಅಂಬಾ ಅನ್ನೋದು ಒಂದಿದ್ರೆ ಸಾಕು. ಹೋರಿಯೋ ಹಸುವೋ ಅಂತ ಯಾರು ಬಗ್ಗಿ ನೋಡ್ತಾರೆ?”