ಮಾಲಿಗೆ ಹೊರಟ ಪಂಚೆ

ದುಬೈಯಲ್ಲಿ ಮಕ್ಕಳನ್ನು ಸಾಕುವ ಕನ್ನಡ ಸಂಸಾರಗಳಿಗೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಾಲೇ ಅಂಗಳ, ಮಾಲೇ ಪಾರ್ಕು, ಜಾತ್ರೆಯೂ ಅಲ್ಲೇ. ಹೊರಗೆ 45 ಡಿಗ್ರಿ ಬಿಸಿಲು. ಪಾರ್ಕಿನ ಜಾರುಬಂಡೆ ಮುಟ್ಟಿದರೆ ಅಂಗೈ ಸುಡುತ್ತದೆ. 2025ರ ಆಗಸ್ಟ್‌ನಲ್ಲಂತೂ ಸರ್ಕಾರವೇ ಮುಂದೆ ನಿಂತು, ಬೆಳಗ್ಗೆ 7ರಿಂದ 10ರವರೆಗೆ ಮಾಲ್‌ಗಳನ್ನು ವಾಕಿಂಗಿಗೆ ಬಿಟ್ಟುಕೊಟ್ಟಿತು. ಲಾಲ್‌ಬಾಗಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ನಡೆಯುವ ನಮ್ಮಪ್ಪನಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದೆ. "ಹಂಗಾದ್ರೆ ಪ್ರಾಣಾಯಾಮ ಚಪ್ಪಲಿ ಅಂಗಡಿ ಮುಂದೇನೋ?" ಎಂದರು.

ದುಬೈ ಮಾಲ್ 2008ರಲ್ಲಿ ಬಾಗಿಲು ತೆರೆದದ್ದು. 1,200ಕ್ಕೂ ಹೆಚ್ಚು ಅಂಗಡಿ, ಐಸ್ ಮೇಲೆ ಜಾರುವ ಅಂಕಣ, 1 ಕೋಟಿ ಲೀಟರ್ ನೀರಿನ ಅಕ್ವೇರಿಯಂ, ಸಾಲದ್ದಕ್ಕೆ ನಿಜವಾದ ಡೈನೋಸಾರಿನ ಅಸ್ಥಿಪಂಜರ. ಅಕ್ವೇರಿಯಂ ಒಳಗೆ ಹೋಗಲು ಟಿಕೆಟ್ ಉಂಟು, ಆದರೆ ಹೊರಗಿನ ದೊಡ್ಡ ಗಾಜಿನ ಮುಂದೆ ನಿಂತರೆ ಶಾರ್ಕು ಪುಕ್ಕಟೆ. ಶುಕ್ರವಾರ ಸಂಜೆ ಆ ಗಾಜಿನ ಮುಂದೆ ಕಿವಿಗೊಟ್ಟರೆ ಕನ್ನಡವೂ ಕೇಳುತ್ತದೆ. ಮಕ್ಕಳಿಗೆ ನಮ್ಮ ಕಟ್ಟಪ್ಪಣೆ ಇಷ್ಟೇ: ತಪ್ಪಿಸಿಕೊಂಡರೆ ಡೈನೋಸಾರ್ ಕೆಳಗೆ ನಿಂತಿರಬೇಕು. ನನ್ನವಳದು ಬೇರೆ ಕೆಲಸ. ಮಗಳು ಏನನ್ನು ಮುಟ್ಟಿದರೂ ದಿರ್ಹಮನ್ನು ರೂಪಾಯಿಗೆ ಗುಣಿಸಿ ಗಟ್ಟಿಯಾಗಿ ಹೇಳುತ್ತಾಳೆ. "ಒಂದು ಬಲೂನಿಗೆ ಇಷ್ಟಾ! ನಮ್ಮ ಜಯನಗರದಲ್ಲಿ ಈ ದುಡ್ಡಿಗೆ ಬಲೂನಿನವನು ಗಾಡಿ ಸಮೇತ ಮನೆಗೆ ಬರ್ತಿದ್ದ."

ಇಂಥ ಮಕ್ಕಳನ್ನು ಜುಲೈ ರಜೆಗೆ ಜಯನಗರಕ್ಕೆ ಕರೆತಂದರೆ ಮೊದಲು ಬರುವ ಪ್ರಶ್ನೆ, "ಇಲ್ಲಿ ಮಾಲ್ ಎಲ್ಲಿದೆ?" ಅಮ್ಮ ಎರಡನೇ ಮಾತಿಲ್ಲದೆ ಬಟ್ಟೆ ಚೀಲ ಮಡಚಿ ಕಂಕುಳಿಗೆ ಸೇರಿಸಿ, ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಹೊರಟೇಬಿಟ್ಟಳು. ಅವಳ ಪ್ರಕಾರ ಇದಕ್ಕಿಂತ ದೊಡ್ಡ ಮಾಲು ಭೂಮಿಯ ಮೇಲಿಲ್ಲ. ಒಂದು ಕಾಲಕ್ಕೆ ಇಲ್ಲಿ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರವೂ ಇತ್ತು, ಒಂದೆಡೆ ಸಿನಿಮಾ, ಇನ್ನೊಂದೆಡೆ ಸೊಪ್ಪು. ಮಲ್ಟಿಪ್ಲೆಕ್ಸ್ ಅಂದರೆ ಇನ್ನೇನು?

ಆಷಾಢದ ಸೇಲ್ ಬೇರೆ. ಫುಟ್‌ಪಾತಿನ ತುಂಬ "ನೂರಕ್ಕೆ ಎರಡು, ನೂರಕ್ಕೆ ಎರಡು" ಎಂಬ ಮಂತ್ರಘೋಷ. ಮಗಳು ಒಂದು ಹೇರ್‌ಬ್ಯಾಂಡ್ ಹಿಡಿದು ಅದರ ಬಾರ್‌ಕೋಡ್ ಹುಡುಕುತ್ತಿದ್ದಳು. ಅಂಗಡಿಯಾಕೆ ಎಂಬತ್ತು ಎಂದಳು. ಅಮ್ಮ ಮೂವತ್ತು ಎಂದಳು. "ಏನಮ್ಮಾ, ನನಗೂ ಹೊಟ್ಟೆ ಇಲ್ವಾ?" "ನನ್ನ ಮೊಮ್ಮಗಳು ಅಷ್ಟು ದೂರದಿಂದ ಬಂದವಳೆ, ನೋಡಿ ಹೇಳು." (ಇದು ಮಾತ್ರ ಎಡವಟ್ಟಾಯಿತು, ಆಕೆ ಎಪ್ಪತ್ತಕ್ಕೇ ಅಂಟಿಕೊಂಡಳು.) ಅಮ್ಮ ಹೇರ್‌ಬ್ಯಾಂಡನ್ನು ಕಿತ್ತು ರಾಶಿಗೆ ಎಸೆದು ಸರಸರ ನಡೆದಳು. ಮಗಳ ಮುಖ ಬಿಳಿಚಿತು. "ಅಪ್ಪಾ, ಅಜ್ಜಿ ಫೈಟ್ ಮಾಡಿದ್ರು, ಪೊಲೀಸ್ ಬರ್ತಾರಾ?" ನಾನು ತಡಿ ಎಂದೆ. ಅಮ್ಮ ಪಕ್ಕದ ಗಾಡಿಯ ಸೀಬೆಹಣ್ಣನ್ನು ಅನಾಸಕ್ತಿಯಿಂದ ಒತ್ತಿ ನೋಡುತ್ತಿದ್ದಳು, ಕಿವಿ ಮಾತ್ರ ಹಿಂದಕ್ಕೆ. "ಬಾರಮ್ಮಾ, ಐವತ್ತು ಕೊಡು!" ಕೂಗು ಬಂತು. ಹೊರಡುವಾಗ ಇಬ್ಬರೂ ಮೊಮ್ಮಕ್ಕಳ ವಿಚಾರ ಮಾತಾಡಿಕೊಂಡರು. ಇದು ಯಾವ ಬಗೆಯ ಜಗಳವೆಂದು ಮಗಳಿಗೆ ಇವತ್ತಿಗೂ ಗೊತ್ತಾಗಿಲ್ಲ.

ಆದರೂ ಎಸ್ಕಲೇಟರ್ ಇಲ್ಲದ್ದು ಮಾಲೇ ಅಲ್ಲ ಎಂದು ಮಗ ಹಟ ಹಿಡಿದ. ಬನ್ನೇರುಘಟ್ಟ ರಸ್ತೆಯ ಉದ್ದಕ್ಕೂ ಮಾಲ್‌ಗಳಿಗೆ ಬರವಿಲ್ಲ. ಯಾವುದಕ್ಕೆ ಹೋದೆವೆಂದು ಹೇಳುವುದಿಲ್ಲ, ಮುಂದೆ ಕಾರಣ ತಿಳಿಯುತ್ತದೆ. ಅಪ್ಪ ತಾವೂ ಬರುವುದಾಗಿ ಘೋಷಿಸಿ, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಹೊರಬಂದರು. ಮನೆಯಲ್ಲಿ ಸದಾ ಪೈಜಾಮದಲ್ಲಿರುವ ಮನುಷ್ಯ!

ಕಾರಣ ಉಂಟು. 2024ರ ಜುಲೈನಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಮಾಗಡಿ ರಸ್ತೆಯ ಮಾಲೊಂದರ ಬಾಗಿಲಲ್ಲಿ ತಡೆದಿದ್ದರು. ಕೈಯಲ್ಲಿ ಟಿಕೆಟ್ ಇದ್ದರೂ ಬಿಡಲಿಲ್ಲ. ಪ್ರತಿಭಟನೆಯಾಯಿತು, ಆ ಮಾಲನ್ನು 7 ದಿನ ಮುಚ್ಚಿಸುವುದಾಗಿ ಸರ್ಕಾರ ಸದನದಲ್ಲೇ ಹೇಳಿತು. ಅಂದಿನಿಂದ ಅಪ್ಪ ಒಂದು ಅವಕಾಶಕ್ಕೆ ಕಾದಿದ್ದರು. ಆಟೋದಲ್ಲಿ ದಾರಿಯುದ್ದಕ್ಕೂ ಭಾಷಣದ ತಾಲೀಮು: ಸಂವಿಧಾನ, ಸರ್.ಎಂ.ವಿ., ಗಾಂಧೀಜಿಯ ಉಡುಗೆ. ಡ್ರೈವರ್ ಎರಡು ಸಲ ಕನ್ನಡಿಯಲ್ಲಿ ನೋಡಿ ಮೀಟರ್ ಸರಿಯಾಗೇ ಇದೆ ಸಾರ್ ಎಂದ.

ಬಾಗಿಲಲ್ಲಿ ಸೆಕ್ಯುರಿಟಿ ಹುಡುಗ ನಿಂತಿದ್ದ. ಅಪ್ಪ ಎದೆ ಸೆಟೆಸಿ, ಪಂಚೆಯ ಅಂಚು ಚೆನ್ನಾಗಿ ಕಾಣುವಂತೆ ಹಿಡಿದು ಅವನ ಎದುರಿಗೇ ನಿಂತರು. ಹುಡುಗ ಸಲ್ಯೂಟ್ ಹೊಡೆದ. "ಬರ್ರಿ ಅಜ್ಜಾರ, ನೆಲಾ ಹಸಿ ಐತಿ, ಹುಷಾರ್ರಿ." ಪಂಚೆ ಎಸ್ಕಲೇಟರಿಗೆ ಸಿಕ್ಕೀತೆಂದು ಲಿಫ್ಟಿನವರೆಗೆ ತಾನೇ ಕೈ ಹಿಡಿದು ಕರೆದೊಯ್ದ. ಅಪ್ಪನ ಮುಖದಲ್ಲಿ ಅಂಥ ನಿರಾಸೆಯನ್ನು ಭಾರತ ವಿಶ್ವಕಪ್ ಸೋತಾಗಲೂ ನಾನು ಕಂಡಿರಲಿಲ್ಲ.

ಭಾಷಣ ಮಾತ್ರ ದಂಡವಾಗಲಿಲ್ಲ. ಫುಡ್ ಕೋರ್ಟಿನಲ್ಲಿ ಮಸಾಲೆ ದೋಸೆಯ ಬೆಲೆ ಓದಿದ ಅಪ್ಪ, ಸಂವಿಧಾನದಿಂದಲೇ ಶುರುಮಾಡಿದರು.