ಬೀಗ ಮೀಮಾಂಸೆ

ವಿಷಯ: ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದ್ಗೀರ್ ಎಂಬ ತ್ರಿಸ್ಥಲಿಯ ಹೊಸ ವಸತಿಗಳನ್ನು ಹಬ್ಬಗಳು ಊರು ಮಾಡುವ ಬಗೆ. ಸಂಶಯ: ಮಾಡುತ್ತವೆಯೋ, ಇಲ್ಲವೋ? ಶಾಸ್ತ್ರದ ಪದ್ಧತಿಯಂತೆ ಪೂರ್ವಪಕ್ಷವನ್ನು ಮೊದಲು ಗೌರವದಿಂದ ಕೂರಿಸಿ, ಚಹಾ ಕೊಟ್ಟು, ಆಮೇಲೆ ಕಳಿಸತಕ್ಕದ್ದು.

ಅದಕ್ಕೂ ಮುಂಚೆ ಕ್ಷೇತ್ರಪರಿಚಯ. ನಿಲಂಗಾ, ಉದ್ಗೀರ್ 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳು. ಗಡಿ ಸರಿಯಿತು, ಹಲವು ಮನೆಗಳ ಕನ್ನಡ ಒಳಗೇ ಉಳಿದು, ಹೊಸ್ತಿಲ ಹೊರಗೆ ಮರಾಠಿ ಚಪ್ಪಲಿ ಮೆಟ್ಟಿತು. 1993ರ ಸೆಪ್ಟೆಂಬರ್ 30ರ ನಸುಕಿನ 3.56ಕ್ಕೆ ಭೂಕಂಪವಾಗಿ, ಗಣಪತಿ ಕಳಿಸಿ ದಣಿದು ಮಲಗಿದ್ದವರ ಮೇಲೆ ಅವರದೇ ಕಲ್ಲುಮಣ್ಣಿನ ಮನೆಗಳು ಕುಸಿದವು. ಔಸಾ ತಾಲ್ಲೂಕಿನ ಕಿಲ್ಲಾರಿ, ಆಗಿನ ಉಮರ್ಗಾ ತಾಲ್ಲೂಕಿನ ಸಾಸ್ತೂರು, ಅವುಗಳ ಸುತ್ತಲಿನ ಹಳ್ಳಿಗಳು. ಸತ್ತವರ ಸರ್ಕಾರಿ ಲೆಕ್ಕವೇ 7,000 ದಾಟುತ್ತದೆ. ಈ ಸಾಲುಗಳ ಮಟ್ಟಿಗೆ ಪ್ರಬಂಧಕಾರನು ವಿದ್ವತ್ತನ್ನು ಪಕ್ಕಕ್ಕಿಟ್ಟಿದ್ದಾನೆ.

ವಿದ್ವತ್ತು ಮರಳಿ ಬಂದದ್ದು ಪುನರ್ವಸತಿಯ ನಕಾಶೆಯ ಜೊತೆ. 52 ಹಳ್ಳಿಗಳು ಹೊಸ ಜಾಗಕ್ಕೆ ಹೊರಟವು. ವಿಶ್ವಬ್ಯಾಂಕು ಸಾಲ ಕೊಟ್ಟಿತು, ದಾನಿಗಳೂ ಮನೆ ಕಟ್ಟಿದರು. ಮನೆಯ ಅಳತೆ ಹೊಲದ ಅಳತೆಗೆ: ಹೊಲವಿಲ್ಲದವರಿಗೂ ಒಂದು ಹೆಕ್ಟೇರಿನೊಳಗಿನವರಿಗೂ 250 ಚದರಡಿ, ಏಳರವರೆಗೆ 400, ಅದರಾಚೆ 750. ಒಂದಳತೆಯ ಮನೆಗಳು ಹಲವೆಡೆ ಒಂದೇ ಸಾಲಿಗೆ ಬಂದವು. ಹೀಗೆ ಓಣಿಯೆಂಬುದು ಬೀಗತನದಿಂದಲ್ಲ, ಸಾತ್‌ಬಾರಾ ಉತಾರದಿಂದ, ಅಂದರೆ ಹೊಲದ ಪಹಣಿಯಿಂದ, ಹುಟ್ಟಿತು. ರಸ್ತೆಗಳೋ, ಈ ಕಟ್ಟೆಯ ಬೈಗುಳ ಆ ಕಟ್ಟೆಗೆ ಮುಟ್ಟದಷ್ಟು ಅಗಲ. ಜಗಳಕ್ಕೂ ಎದ್ದು, ಚಪ್ಪಲಿ ಮೆಟ್ಟಿ, ನಡೆದೇ ಹೋಗಬೇಕಾದ ಊರಲ್ಲಿ ನೆರೆಹೊರೆ ಬೆಳೆಯುವುದು ಹೇಗೆ? ಹೆದ್ದಾರಿ ಬದಿಯ ಎನ್‌ಎ (ಕೃಷಿಯೇತರ) ಪ್ಲಾಟುಗಳ ಹೊಸ ಬಡಾವಣೆಗಳಿಗೂ ಇದೇ ವ್ಯಾಧಿ. ಅಲ್ಲಿ ಕಂಪೌಂಡು ಹೆಚ್ಚುವರಿ.

ಈಗ ಪೂರ್ವಪಕ್ಷ. 1893ರಲ್ಲಿ ತಿಲಕರು ಗಣಪನನ್ನು ಬೀದಿಗೆ ತಂದರು. ಆದ್ದರಿಂದ ಎಲ್ಲಿ ಮಂಡಳವೋ ಅಲ್ಲಿ ಸಮುದಾಯ. ಖಂಡನೆ: ಒಂದು ಓಣಿಗೆ ಎರಡು ಮಂಡಳ, ಎರಡು ಪಾವತಿ ಪುಸ್ತಕ, ಎರಡು ಡಿಜೆ. ‘ಏಕ್ ಗಾವ್ ಏಕ್ ಗಣಪತಿ’ ಎಂದು ಪೊಲೀಸರೇ ಬೇಡಿಕೊಳ್ಳುವ ಸ್ಥಿತಿ ಬಂದಮೇಲೆ, ವಿಘ್ನನಿವಾರಕನಿಗೇ ಬಂದೋಬಸ್ತು ಬೇಕಾದಮೇಲೆ, ಈ ವಾದವನ್ನು ಹೆಚ್ಚು ಹಿಗ್ಗಿಸುವುದು ಸಲ್ಲ. ಆದರೂ ವರ್ಗಣಿ (ಚಂದಾ) ಎತ್ತುವ ಹುಡುಗರಿಗೆ ಸಲ್ಲಬೇಕಾದದ್ದು ಸಲ್ಲಲಿ. ಯಾರ ಮನೆ ಎಲ್ಲಿದೆ, ಯಾರು ಪುಣೆಗೆ ಹೋದರು, ಯಾರು ಒಳಗಿದ್ದೂ ಹೊರಗೆ ಹೋಗಿದ್ದಾರೆಂದು ಮಗುವಿನಿಂದ ಹೇಳಿಸುತ್ತಾರೆ, ಇವೆಲ್ಲ ಗೊತ್ತಿರುವುದು ಅವರಿಗೆ ಮಾತ್ರ. ಸರ್ಕಾರದ ಜನಗಣತಿ ಹತ್ತು ವರ್ಷಕ್ಕೊಂದು, ಇವರದು ಪ್ರತಿ ಶ್ರಾವಣಕ್ಕೆ.

ಸಿದ್ಧಾಂತ: ಹೊಸ ವಸತಿ ಊರಾಗುವುದು, ಅದರಲ್ಲಿ ಯಾರೂ ಇಲ್ಲದ ದಿನ.

ಪ್ರಮಾಣ ಎಳ್ಳಮಾವಾಸ್ಯೆ. ಮಾರ್ಗಶಿರದ ಆ ದಿನ ಲಾತೂರು ಜಿಲ್ಲೆಯಲ್ಲಿ ಸ್ಥಳೀಯ ರಜೆ. ಪೇಟೆ ಬಂದ್, ಮನೆಮನೆಗೆ ಬೀಗ. ಬೀದರಿನಿಂದ ಧಾರಾಶಿವದವರೆಗೆ ಗಡಿಯ ಎರಡೂ ಕಡೆ ಜನ ಹೊಲದಲ್ಲಿ. ಜೋಳದ ದಂಟಿನ ಗೂಡು, ಒಳಗೆ ಸುಣ್ಣ ಬಳಿದ ಐದು ಕಲ್ಲು, ಅವೇ ಪಾಂಡವರು. ಬೆಳೆಯ ಸುತ್ತ ನೈವೇದ್ಯದ ಚರಗ ಚೆಲ್ಲಿದ ಮೇಲೆ ಪಂಕ್ತಿ: ಸಜ್ಜೆ ರೊಟ್ಟಿ, ಮಜ್ಜಿಗೆಯ ಅಂಬಲಿ, ಮತ್ತು ಭಜ್ಜಿ. ದಕ್ಷಿಣದ ವಾಚಕರು ಎಣ್ಣೆಯಲ್ಲಿ ಕರಿದದ್ದೆಂದು ಭ್ರಮಿಸಬಾರದು. ಇದು ಹಸಿ ತೊಗರಿ, ಬಟಾಣಿ, ಅವರೆ, ಸೊಪ್ಪು, ಹುಣಸೆಹುಳಿ, ಕಡಲೆಹಿಟ್ಟು ಒಂದೇ ಪಾತ್ರೆಯಲ್ಲಿ ಬೆಂದದ್ದು. ಯಾವ ನಗರಯೋಜಕನೂ ಇಷ್ಟು ಜಾತಿಯ ಕಾಳನ್ನು ಒಂದೇ ಸಾಲಿನಲ್ಲಿ ಕೂರಿಸಿಲ್ಲ.

ಮುಖ್ಯ ಸಂಗತಿ, ಹೊಲವಿಲ್ಲದವರೂ ಹೊಲಕ್ಕೆ ಹೋಗುತ್ತಾರೆ, ಏಕೆಂದರೆ ಹೊಲವಿದ್ದವರು ಕರೆಯಲೇಬೇಕು. 250 ಚದರಡಿಯವನು 750ರವನ ಬದುವಿನ ಮೇಲೆ ಕುಂತು ಎರಡನೇ ಸಲ ಅಂಬಲಿ ಕೇಳುತ್ತಾನೆ. ನಕಾಶೆ ಕಳೆದದ್ದನ್ನು ಅಮಾವಾಸ್ಯೆ ಕೂಡಿಸುತ್ತದೆ. ನಡುರಾತ್ರಿ ಎದ್ದು ರೊಟ್ಟಿ ಬಡಿದವರು ಯಾರು, ಬುಟ್ಟಿ ಹೊತ್ತವರು ಯಾರು ಎಂದು ಕೇಳಿದರೆ ಮಾತ್ರ ಸಿದ್ಧಾಂತಕ್ಕೆ ಸ್ವಲ್ಪ ಕೆಮ್ಮು ಬರುತ್ತದೆ.

ಆಕ್ಷೇಪ: ಅಂದು ಪ್ರಶ್ನಾವಳಿ ಹಿಡಿದು ಬರುವ ಸಮೀಕ್ಷಕನು ಸಾಲುಸಾಲು ಬೀಗ ನೋಡಿ ‘ಫಲಾನುಭವಿಗಳು ಮನೆ ತೊರೆದಿದ್ದಾರೆ’ ಎಂದು ಬರೆಯುವುದಿಲ್ಲವೇ? ಬರೆಯುತ್ತಿದ್ದ, ಅಷ್ಟರಲ್ಲಿ ಟ್ರ್ಯಾಕ್ಟರಿನ ಮೇಲಿಂದ ಒಬ್ಬ ಆಯಿ ಕೂಗುತ್ತಾಳೆ:

“ಯಾರಿಗ್ ಹುಡ್ಕಲತ್ತಿ ತಮ್ಮಾ? ಊರಾಗ ಯಾರ್ ಇಲ್ಲ. ಹತ್ತು, ಹತ್ತು.”

“ಆಯಿ, ನಂದು ಇಪ್ಪತ್ತು ಪ್ರಶ್ನಿ ಅವ.”

“ಉಂಡ ಮ್ಯಾಲ ಕೇಳು. ಉಂಡ ಮ್ಯಾಲ ನೆನಪಿದ್ರ.”

ಶಿಫಾರಸು: ಮುಂದಿನ ಸಂಶೋಧಕರು ಪ್ರಶ್ನಾವಳಿ ಮರೆತರೂ ಚಿಂತೆಯಿಲ್ಲ, ಮುಚ್ಚಳ ಬಿಗಿಯಾದ ಡಬ್ಬಿಯೊಂದನ್ನು ಮರೆಯದೆ ತರತಕ್ಕದ್ದು. ಭಜ್ಜಿ ಮರುದಿನಕ್ಕೆ ಇನ್ನೂ ರುಚಿ.