ನಾಗಸಂದ್ರದ ಉಲ್ಕಾಗಾಜಿನ ಯಜಮಾನರು

ಉಲ್ಕೆಯ ಹೊಡೆತಕ್ಕೆ ಕರಗಿ ಹುಟ್ಟಿದ ಗಾಜಿನಲ್ಲಿ ಕೆತ್ತಿದ ಗಣಪತಿ, ಬುದ್ಧ, ಲಿಂಗ, ಆಮೆಗಳನ್ನು ಕೂಡಿಡುವ ಯಜಮಾನರು ನಾಗಸಂದ್ರ, ದಾಸರಹಳ್ಳಿ, ಎಂಟನೇ ಮೈಲಿಯ ಸುತ್ತಮುತ್ತ ಕಾಣಸಿಗುತ್ತಾರೆ. ಸಂಖ್ಯೆ ಕಡಿಮೆ, ಮಾತು ಜಾಸ್ತಿ. ಬಹುಮಟ್ಟಿಗೆ ಇವರು ಪೀಣ್ಯದ ಯಾವುದೋ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೂತು, ಬೇರೆಯವರು ಮಾಡಿದ್ದನ್ನೆಲ್ಲ ರಿಜೆಕ್ಟ್ ಮಾಡಿ ನಿವೃತ್ತರಾದವರು. ಕೈಯಿಂದ ವರ್ನಿಯರ್ ಕ್ಯಾಲಿಪರ್ ಹೋದ ಜಾಗಕ್ಕೆ ಚಿನಿವಾರರ ಲೂಪ್ ಬಂದಿದೆ. ಅಂಗಿಯ ಜೇಬಿನಲ್ಲಿ ಜಿಪ್ಪಿನ ಪುಟ್ಟ ಚೀಲ, ಚೀಲದೊಳಗೆ ಹತ್ತಿ, ಹತ್ತಿಯೊಳಗೆ ಹಸಿರು ಗಾಜು: ಇದೇ ಇವರ ಗುರುತು.

2015ರ ಮೇ 1ರಂದು ನಾಗಸಂದ್ರಕ್ಕೆ ಮೆಟ್ರೊ ಬಂದಿತು; ಯಜಮಾನರಿಗೆ ಕೇಳುಗರ ಕೊರತೆ ನೀಗಿತು. ಆಗ ಅದೇ ಕೊನೆಯ ನಿಲ್ದಾಣವಾದ್ದರಿಂದ ಸೀಟು ಖಾತ್ರಿ, ಪಕ್ಕದ ಸೀಟಿನವರಿಗೆ ಉಪನ್ಯಾಸವೂ ಖಾತ್ರಿ. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ಮಾದಾವರದವರೆಗೆ ಬೆಳೆದು ಸೀಟಿನ ಭರವಸೆ ಹೋಯಿತು. ಉಪನ್ಯಾಸ ಈಗ ನಿಂತೇ ನಡೆಯುತ್ತದೆ.

ಉಪನ್ಯಾಸದ ಮೊದಲ ವಾಕ್ಯ ಎಂದೂ ಬದಲಾಗುವುದಿಲ್ಲ: 'ನೋಡಿ ಸ್ವಾಮಿ, ಇದು ಭೂಮೀದಲ್ಲ.' ತೊಂದರೆ ಶುರುವಾಗುವುದೂ ಅಲ್ಲಿಂದಲೇ, ಏಕೆಂದರೆ ಅದು ಭೂಮಿಯದೇ. ಯಜಮಾನರ ಮೆಚ್ಚಿನ ಮೋಲ್ಡವೈಟ್ ಟೆಕ್ಟೈಟ್ ಜಾತಿಯ ಗಾಜು. ಸುಮಾರು 1.48 ಕೋಟಿ ವರ್ಷದ ಹಿಂದೆ ಇಂದಿನ ಜರ್ಮನಿಯ ನೋರ್ಡ್‌ಲಿಂಗನ್ ಊರಿರುವ ಜಾಗಕ್ಕೆ ಭಾರಿ ಆಕಾಶಕಾಯವೊಂದು ಅಪ್ಪಳಿಸಿತು. ಸುಮಾರು 24 ಕಿಲೋಮೀಟರ್ ಅಗಲದ ರೀಸ್ ಕುಳಿ ಉಂಟಾಯಿತು. ನೆಲದ ಮೇಲ್ಪದರದ ಮರಳು, ಮಣ್ಣು ಕ್ಷಣಮಾತ್ರದಲ್ಲಿ ಕರಗಿ ಮೇಲಕ್ಕೆ ಚಿಮ್ಮಿ, ಹಾರುತ್ತಲೇ ಗಟ್ಟಿಯಾಗಿ, ಇಂದಿನ ಚೆಕ್ ದೇಶದ ಬೊಹೀಮಿಯ, ಮೊರಾವಿಯ ಪ್ರದೇಶಗಳಲ್ಲಿ ಉದುರಿತು. ನಾಗಸಂದ್ರದಲ್ಲಿ ಕಲ್ಲು ಬಿದ್ದು ಅದರ ರಾಡಿ ತುಮಕೂರು ರಸ್ತೆ ಹಿಡಿದು ಹುಬ್ಬಳ್ಳಿಯವರೆಗೆ ಸಿಡಿದಂತೆ. ಬಿದ್ದ ಕಾಯ ಬಹುಪಾಲು ಆವಿಯಾಗಿ ಹೋಯಿತು. ಉಳಿದ ಗಾಜು ಕರಗಿದ ನೆಲ.

ಇದನ್ನು ತಿಳಿಯಲು ವಿಜ್ಞಾನಿಗಳಿಗೂ ಕಾಲ ಹಿಡಿಯಿತು. 1786ರಲ್ಲಿ ಪ್ರಾಗ್‌ನ ಜೋಸೆಫ್ ಮೇಯರ್ ಈ ಹಸಿರು ತುಣುಕುಗಳನ್ನು ಕ್ರೈಸೊಲೈಟ್ ಹರಳೆಂದು ವರ್ಣಿಸಿದರು. ರೀಸ್ ಕುಳಿ ಜ್ವಾಲಾಮುಖಿಯದಲ್ಲ, ಅಪ್ಪಳಿಕೆಯದು ಎಂಬುದು ಸಾಬೀತಾದದ್ದು 1960ರಲ್ಲಿ. ಯೂಜೀನ್ ಶೂಮೇಕರ್ ಮತ್ತು ಎಡ್ವರ್ಡ್ ಚಾವ್ ಅಲ್ಲಿನ ಶಿಲೆಯಲ್ಲಿ ಅಪಾರ ಒತ್ತಡಕ್ಕೆ ಮಾತ್ರ ಹುಟ್ಟುವ ಕೊಯೆಸೈಟ್ ಖನಿಜವನ್ನು ತೋರಿಸಿಕೊಟ್ಟ ಮೇಲೆ. ಯಜಮಾನರಿಗೆ ಇದೆಲ್ಲ ಬಾಯಿಪಾಠ. ಆದರೂ ಕೊನೆಗೆ 'ಅಂತೂ ಮೇಲಿಂದ ತಾನೇ ಬಿದ್ದಿದ್ದು?' ಎಂದು ಕೇಳದೆ ಬಿಡುವುದಿಲ್ಲ. ಮೇಲಕ್ಕೆ ಹೋದದ್ದೆಲ್ಲ ಮೇಲಿಂದಲೇ ಬೀಳಬೇಕಾದ್ದರಿಂದ ಅದಕ್ಕೆ ಯಾರಲ್ಲೂ ಉತ್ತರವಿಲ್ಲ.

ಮನೆಯಲ್ಲಿ ಅವರ ಸ್ಥಾನ ಅಷ್ಟು ಭದ್ರವಲ್ಲ. ತಾಯಿಯವರ ಆಕ್ಷೇಪ ಶಾಸ್ತ್ರದ್ದು: 'ಒಡೆದ ಗಾಜು ಮನೇಲಿ ಇಟ್ಕೋಬಾರದು ಕಣೋ.' ಹೆಂಡತಿಯದು ಲೌಕಿಕ: 'ರೀ, ಇದಕ್ಕೂ ಗೋಲಿಸೋಡಾ ಬಾಟ್ಲಿಗೂ ಏನು ವ್ಯತ್ಯಾಸ? ಅದ್ರಲ್ಲಿ ಗೋಲಿನಾದ್ರೂ ಬರ್ತಿತ್ತು.' ಜೋಯಿಸರು ಬುಧನಿಗೆ ಪಚ್ಚೆ ಹೇಳಿದಾಗ, ಇದೂ ಹಸಿರೇ ಅಲ್ಲವೇ ಎಂದು ಯಜಮಾನರು ಉಂಗುರಕ್ಕೆ ಗಾಜು ಕೂರಿಸಿಕೊಂಡು ಬಂದದ್ದೂ ಉಂಟು. ನವರತ್ನದಲ್ಲಿ ಗಾಜಿಗೆ ಜಾಗವಿಲ್ಲವೆಂದು ಜೋಯಿಸರು ಮುಖ ತಿರುಗಿಸಿದರು. ಆಗ ಹೊರಬರುವ ತುರುಫು ಟುಟಾಂಖಾಮನ್. 1922ರಲ್ಲಿ ಹೊವರ್ಡ್ ಕಾರ್ಟರ್ ಪತ್ತೆ ಮಾಡಿದ ಈ ಈಜಿಪ್ಟಿನ ದೊರೆಯ ಸಮಾಧಿಯಲ್ಲಿ ಒಂದು ಎದೆಪದಕವಿತ್ತು. ಅದರ ನಡುವಿನ ಹಳದಿ ದುಂಬಿಯನ್ನು ಬಹುಕಾಲ ಚಾಲ್ಸೆಡೊನಿ ಕಲ್ಲೆಂದೇ ನಂಬಲಾಗಿತ್ತು. ಅದು ಲಿಬಿಯಾ ಮರುಭೂಮಿಯ ಗಾಜೆಂದು 1990ರ ದಶಕದಲ್ಲಿ ಗೊತ್ತಾಯಿತು. ಆ ಗಾಜಿನ ವಯಸ್ಸು ಸುಮಾರು 2.9 ಕೋಟಿ ವರ್ಷ. 'ದೊರೆ ಎದೆ ಮೇಲೆ ಇಟ್ಕೊಂಡಿದ್ದ, ನಾನು ಬೀರುವಿನಲ್ಲಿ ಇಟ್ಕೊಂಡ್ರೆ ತಪ್ಪೇ?' ಎನ್ನುವ ಪ್ರಶ್ನೆಗೆ ಹೆಂಡತಿಯ ಬಳಿ ಉತ್ತರ ಸಿದ್ಧವಿದೆ: 'ಅವನಿಗೆ ಮನೆ ಸಾಲ ಇರಲಿಲ್ಲ.'

ಈ ಹವ್ಯಾಸಿಗಳಲ್ಲಿ ಎರಡು ಪಂಗಡ. ಮಣ್ಣಿನ ಆಮ್ಲ ಲಕ್ಷಾಂತರ ವರ್ಷ ಕೊರೆದು ಮೂಡಿಸಿದ ಗೀರು, ಗುಳಿಗಳೇ ಮೋಲ್ಡವೈಟಿನ ಸೊಬಗು, ಅದಕ್ಕೆ ಉಳಿ ತಾಗಿಸಬಾರದು ಎನ್ನುವುದು ಒರಟುಗಲ್ಲಿನವರ ಮಡಿ. ಗಾಜಿಗೆ ಮೂಗು, ಸೊಂಡಿಲು ಬಂದರೇ ಬೆಲೆ ಎನ್ನುವುದು ಕೆತ್ತನೆಯವರ ಪಕ್ಷ. ಕೆತ್ತನೆ ಸುಲಭವೂ ಅಲ್ಲ: ಕಾಠಿಣ್ಯ 5.5ರ ಆಸುಪಾಸು, ಬಿಸಿಯೇರಿದರೆ ಬಿರುಕು. ವಜ್ರದ ಪುಡಿ ಹಚ್ಚಿದ ಚಕ್ರಕ್ಕೆ ನೀರು ಬಿಡುತ್ತ ಮೆಲ್ಲಗೆ ಉಜ್ಜಬೇಕು. ನಾಗಸಂದ್ರದ ಯಜಮಾನರು ಕೆತ್ತನೆಯ ಪಕ್ಷ, ಮೋಸ ಹೋಗುವ ಅವಕಾಶವೂ ಅವರಿಗೇ ಹೆಚ್ಚು. ಅಸಲಿಯ ಮೊದಲ ಸಾಕ್ಷಿಯಾದ ಸಹಜ ಮೈಯನ್ನು ಕೆತ್ತನೆಗಾರ ಉಜ್ಜಿ ಹಾಕಿರುತ್ತಾನೆ. ಹಸಿರು ಬಾಟಲಿಯ ಗಣಪತಿಯೂ ಉಲ್ಕಾಗಾಜಿನ ಗಣಪತಿಯೂ ಮೊದಲ ನೋಟಕ್ಕೆ ಅಣ್ಣತಮ್ಮಂದಿರು.

ಪರೀಕ್ಷೆಯಲ್ಲಿ ಮಾತ್ರ ಯಜಮಾನರ ಹಳೆಯ ಕಸುಬು ಎದ್ದು ನಿಲ್ಲುತ್ತದೆ. ಲೂಪಿನಲ್ಲಿ ನೋಡಿದರೆ ಅಸಲಿಯೊಳಗೆ ಗುಳ್ಳೆಗಳೂ, ಕರಗಿದ ಸಿಲಿಕಾದ ಹುಳದಂಥ ಎಳೆಗಳೂ ಕಾಣುತ್ತವೆ. ಮುಂದಿನದು ಸಾಂದ್ರತೆ. ಹರಳಿನ ತೂಕ ಬರೆದುಕೊಂಡು, ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ದಾರಕ್ಕೆ ಕಟ್ಟಿದ ಹರಳನ್ನು ತಳ ತಾಗದಂತೆ ನೀರಿಗೆ ಇಳಿಬಿಡಬೇಕು. ತಕ್ಕಡಿಯ ಅಂಕಿ ಏರಿದಷ್ಟರಿಂದ ಹರಳಿನ ತೂಕವನ್ನು ಭಾಗಿಸಬೇಕು. ಮೋಲ್ಡವೈಟಾದರೆ 2.32ರಿಂದ 2.38ರ ನಡುವೆ ಬರುತ್ತದೆ, ಬಾಟಲಿ ಗಾಜಾದರೆ ಸುಮಾರು 2.5. ಹೀಗೆ ಪರಿಚಿತರ ಹರಳುಗಳನ್ನೆಲ್ಲ ಅವರು ರಿಜೆಕ್ಟ್ ಮಾಡಿದ್ದಾರೆ. ಸ್ವಂತ ಗಣಪತಿಯನ್ನು ಮಾತ್ರ ಲೋಟಕ್ಕೆ ಇಳಿಸಿಲ್ಲ. ಗಣಪತಿಯನ್ನು ನೀರಿಗೆ ಬಿಡುವುದು ಚೌತಿ ಕಳೆದ ಮೇಲೆ ಎಂಬುದು ಅವರ ಸಮಜಾಯಿಷಿ. ಎಷ್ಟು ಚೌತಿ ಕಳೆದವೆಂದು ಯಾರೂ ಕೇಳಬಾರದು.

ನಿಜಕ್ಕೂ ಮೇಲಿಂದ ಬಿದ್ದ ಕಲ್ಲಿಗೆ ಕರ್ನಾಟಕದಲ್ಲಿ ಬರವಿಲ್ಲ. 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ ಬಿದ್ದ ಉಲ್ಕಾಶಿಲೆಗಳು ದಾಖಲೆಯಲ್ಲಿವೆ. ಅವು ಬೂದುಬಣ್ಣದ ಒರಟು ಕಲ್ಲುಗಳು, ಗಣಪತಿಗೆ ಒದಗುವುದಿಲ್ಲವೆಂದು ಯಜಮಾನರಿಗೆ ಅವುಗಳಲ್ಲಿ ಆಸಕ್ತಿಯಿಲ್ಲ. ಅವರು ದಿನವೂ ಹತ್ತುವ ಹಸಿರು ಮಾರ್ಗದಲ್ಲೇ ಲಾಲ್‌ಬಾಗ್ ಇದೆ. ಅಲ್ಲಿನ ನೈಸ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅವರ ಬೀರುವಿನಲ್ಲಿರುವುದೆಲ್ಲ ಅದರ ಮುಂದೆ ಹಸುಗೂಸು. ಆದರೆ ಅದನ್ನು ಜೇಬಿನಲ್ಲಿಟ್ಟುಕೊಂಡು ಮೆಟ್ರೊ ಹತ್ತಲಾಗದು.

ಒಟ್ಟಿನಲ್ಲಿ ಯಜಮಾನರು ನಿರುಪದ್ರವಿಗಳು. ಈ ಗೀಳು ಯಾರ ಆರೋಗ್ಯವನ್ನೂ ಕೆಡಿಸಿಲ್ಲ, ಕೆಟ್ಟರೆ ಕೊಳ್ಳುವವರ ಪರ್ಸು ಮಾತ್ರ. ಅದನ್ನು ಹಿಡಿಸಿಕೊಳ್ಳಲೇಬೇಕು ಎನ್ನುವವರು ಮೊದಲ ಹರಳನ್ನು ಒರಟಾಗಿಯೇ ಕೊಳ್ಳಲಿ; ಗಣಪತಿಗೆ ಕೈಮುಗಿಯುವ ಮುನ್ನ ಲೋಟದಲ್ಲಿ ಒಮ್ಮೆ ಮುಳುಗಿಸಿ ನೋಡಲಿ.